ವೆರಿಕೋಸ್ ವೇನ್ಸ್ ಮತ್ತೆ ಬಂತಾ? ಮೊದಲು ಸೋರುವ ಜಾಗ ಹುಡುಕಿಸಿ

ನಮ್ಮ ದೊಡ್ಡಮ್ಮ ಟೀಚರ್ ಆಗಿದ್ದವರು. ದಿನವಿಡೀ ನಿಂತೇ ಪಾಠ. ಕಾಲಿನ ಆಪರೇಷನ್ ಆಗಿ ಕೆಲವು ವರ್ಷ ಆರಾಮಾಗಿದ್ದರು, ಆಮೇಲೆ ಮೀನಖಂಡದ ಮೇಲೆ ನೀಲಿ ನರ ಮತ್ತೆ ಹುರಿ ಹೊಸೆದ ಹಾಗೆ ಎದ್ದಿತು. ಸಂಜೆಯಾದರೆ ಕಾಲು ಭಾರ, ರಾತ್ರಿ ತುರಿಕೆ. ಬಾಯಿಮಾತಿಗೆ ನಾವು ‘ನರ’ ಅಂತೀವಿ, ಆದರೆ ಇದು ರಕ್ತನಾಳದ ತೊಂದರೆ. ರಕ್ತ ಮೇಲೆ ಹೋಗಲಿ, ಕೆಳಗೆ ಜಾರದಿರಲಿ ಅಂತ ಒಳಗೆ ಪುಟ್ಟ ಕವಾಟಗಳಿರುತ್ತವೆ. ಅವು ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ ಸೋರಿ ನಾಳ ಉಬ್ಬುತ್ತದೆ.

ಮರುಕಳಿಸಿದಾಗ ಕಣ್ಣಿಗೆ ಕಂಡ ನಾಳವನ್ನಷ್ಟೇ ಮುಚ್ಚಿಸಿಕೊಂಡು ಬರಬೇಡಿ. ಸೋರಿಕೆ ಬೇರೆಲ್ಲೋ ಇರಬಹುದು. ಹಳೆಯ ಆಪರೇಷನ್ ಆದ ತೊಡೆಸಂದಿನಲ್ಲಿ ಹೊಸ ಪುಟ್ಟ ನಾಳಗಳು ಹುಟ್ಟಿರಬಹುದು, ಮುಚ್ಚಿದ ನಾಳ ಮತ್ತೆ ತೆರೆದುಕೊಂಡಿರಬಹುದು, ಪಕ್ಕದ ಕವಲೊಂದು ಆಗ ಉಳಿದುಹೋಗಿರಬಹುದು. ಕೆಲವು ಹೆಂಗಸರಲ್ಲಿ ಮೂಲ ಕಿಬ್ಬೊಟ್ಟೆಯೊಳಗಿನ ನಾಳದಲ್ಲೇ ಇರುತ್ತದೆ.

ಹಾಗಾಗಿ ಮೊದಲ ಕೆಲಸ ಡಾಪ್ಲರ್ ಸ್ಕ್ಯಾನ್, ಅಂದರೆ ರಕ್ತ ಯಾವ ಕಡೆಗೆ ಹರಿಯುತ್ತಿದೆ ಅಂತ ತೋರಿಸುವ ಸ್ಕ್ಯಾನ್, ಅದೂ ನಿಂತುಕೊಂಡು. ಹಳೆಯ ಡಿಸ್ಚಾರ್ಜ್ ಸಮ್ಮರಿ ತಪ್ಪದೆ ಒಯ್ಯಿರಿ. ಡಾಕ್ಟರ್ ಮೀನಖಂಡ ಒತ್ತಿ ಬಿಡುತ್ತಾರೆ. ಒತ್ತಿದಾಗ ಪರದೆಯಲ್ಲಿ ಒಂದು ಬಣ್ಣ, ಬಿಟ್ಟ ಮೇಲೂ ಇನ್ನೊಂದು ಬಣ್ಣ ಅರ್ಧ ಸೆಕೆಂಡಿಗಿಂತ ಜಾಸ್ತಿ ಉಳಿದರೆ ಅಲ್ಲಿ ಸೋರಿಕೆ ಇದೆ ಅಂತ ಅರ್ಥ. ಒಳಗಿನ ದೊಡ್ಡ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತಲೂ ಈಗಲೇ ನೋಡಬೇಕು. ದೊಡ್ಡಮ್ಮನ ಕಾಲಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ತೊಡೆಯಿಂದ ಪಾದದವರೆಗೆ ನಕ್ಷೆಯನ್ನೇ ಬರೆದಿದ್ದರು.

ಚಿಕಿತ್ಸೆ ಯಾವುದು ಅನ್ನೋದು ಆ ನಕ್ಷೆ ನೋಡಿದ ಮೇಲಿನ ಮಾತು. ನಾಳ ಉದ್ದಕ್ಕೆ, ನೇರವಾಗಿ ಉಳಿದಿದ್ದರೆ ಲೇಸರ್ ಅಥವಾ ರೇಡಿಯೋ ಫ್ರೀಕ್ವೆನ್ಸಿ, ಎರಡೂ ನಾಳವನ್ನು ಒಳಗಿನಿಂದ ಕಾಯಿಸಿ ಮುಚ್ಚುತ್ತವೆ. ಸೂಜಿ ತೂತಿನಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಸುತ್ತ ಲಿಗ್ನೋಕೇನ್ ಬೆರೆಸಿದ ಸಲೈನ್ ತುಂಬುತ್ತಾರೆ. ಅದು ಜಾಗ ಮರಗಟ್ಟಿಸುತ್ತದೆ, ಚರ್ಮಕ್ಕೆ ಬಿಸಿ ತಾಗದಂತೆಯೂ ಕಾಯುತ್ತದೆ. ಸಾಮಾನ್ಯವಾಗಿ ಬಳಸುವ ಒಂದು ಬಗೆಯ ರೇಡಿಯೋ ಫ್ರೀಕ್ವೆನ್ಸಿ ಕ್ಯಾತಿಟರ್ 7 ಸೆಂಟಿಮೀಟರ್ ಭಾಗವನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಸೆಕೆಂಡು ಕಾಯಿಸಿ ಮುಚ್ಚುತ್ತದೆ.

ಆದರೆ ಮರುಕಳಿಸಿದ ನಾಳಗಳು ಎಷ್ಟೋ ಸಲ ಅಂಕುಡೊಂಕು, ಕ್ಯಾತಿಟರ್ ಮುಂದೆ ಹೋಗುವುದೇ ಇಲ್ಲ. ಅಲ್ಲಿ ಔಷಧಿಯ ನೊರೆ ಚುಚ್ಚಿ ನಾಳ ಮುಚ್ಚುವ ನೊರೆ ಚಿಕಿತ್ಸೆ, ಅಂದರೆ ಫೋಮ್ ಸ್ಕ್ಲೀರೋಥೆರಪಿ ಕೈ ಹಿಡಿಯುತ್ತದೆ. ಎರಡು ಸಿರಿಂಜ್ ಜೋಡಿಸಿ, ಒಂದು ಪಾಲು ಔಷಧಿಗೆ ನಾಲ್ಕು ಪಾಲು ಗಾಳಿ ಸೇರಿಸಿ ಆಚೆ ಈಚೆ ತಳ್ಳಿದರೆ ಬಿಳಿ ನೊರೆ ಬರುತ್ತದೆ. ಅದು ಬೇಗ ಒಡೆಯುವುದರಿಂದ ಸ್ಕ್ಯಾನ್ ನೋಡುತ್ತಾ ತಕ್ಷಣ ಚುಚ್ಚಬೇಕು. ಒಂದೇ ಸಲಕ್ಕೆ ಮುಗಿಯದೆ ಇನ್ನೊಂದು ಸಲ ಬೇಕಾಗಬಹುದು, ಇದನ್ನು ಮೊದಲೇ ಕೇಳಿಕೊಳ್ಳಿ.

ಚಿಕಿತ್ಸೆ ಮುಗಿದ ಕೂಡಲೇ ನಡೆಯಿರಿ, ಮನೆಗೆ ಬಂದು ಸುಮ್ನೆ ಮಲಗಬೇಡಿ. ಡಾಕ್ಟರ್ ಹೇಳಿದಷ್ಟು ದಿನ ಬಿಗಿ ಸ್ಟಾಕಿಂಗ್ ಹಾಕಿ. ಸಕ್ಕರೆ ಕಾಯಿಲೆಯಿದ್ದು ಪಾದಕ್ಕೆ ರಕ್ತ ಹರಿಯುವುದು ಕಡಿಮೆಯಾಗಿದ್ದರೆ ಮಾತ್ರ ಕೇಳದೆ ಹಾಕಬೇಡಿ. ನೊರೆ ಹೋದ ಜಾಗದಲ್ಲಿ ಗಟ್ಟಿ ಗಂಟು, ಕಂದು ಕಲೆ ಕೆಲವು ತಿಂಗಳು ಉಳಿಯಬಹುದು, ಅದಕ್ಕೆ ಹೆದರಬೇಕಿಲ್ಲ. ಆದರೆ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಆ ಹೊತ್ತಿನಲ್ಲೇ ಆಸ್ಪತ್ರೆಗೆ ಹೊರಡಿ. ನಾಳೆ ನೋಡೋಣ ಅನ್ನಬೇಡಿ.