ಸುಕ್ಕೋತ್ ಹಬ್ಬಕ್ಕೆ ಮಕ್ಕಳ ಜೊತೆ ಪೇಪರ್ ಕೆಲಸ: ನನ್ನ ಅನುಭವ

ಸುಕ್ಕೋತ್ ಅಂದ್ರೆ ಯಹೂದಿಗಳ ಚಪ್ಪರದ ಹಬ್ಬ. ಆ ಚಪ್ಪರಕ್ಕೆ ಪೇಪರ್ ಅಲಂಕಾರ ಮಾಡುವಾಗ ಮೊದಲ್ನೇ ವರ್ಷ ಎಲ್ಲಾನೂ ಗಮ್ ಹಾಕಿ ಅಂಟಿಸಿದ್ದೆ, ಅಲ್ಲೇ ಎಡವಿದ್ದು. ಸಂಜೆ ನೋಡಿದ್ರೆ ಏನ್ ಚಂದ ಅಂತೀರಾ, ಬೆಳಿಗ್ಗೆ ಹೋಗಿ ನೋಡಿದ್ರೆ ಅರ್ಧ ಸರಪಳಿ ಊಟದ ಟೇಬಲ್ ಮೇಲೆ ಬಿದ್ದಿದೆ, ಕೆಂಪು ಕ್ರೇಪ್ ಪೇಪರ್ ಬಣ್ಣ ಬಿಟ್ಟು ಬಿಳಿ ಬಟ್ಟೆ ಗೋಡೆ ತುಂಬ ಓಕುಳಿ. ಮಳೆ ಬಂದಿರ್ಲಿಲ್ಲ, ಬರೀ ಇಬ್ಬನಿ ಅಷ್ಟೇ.

ನಾವಿರೋದು ಇಸ್ರೇಲಿನ ರೆಹೋವೋತ್‌ನಲ್ಲಿ, ನಮ್ಮನೆಯವರ ಪೋಸ್ಟ್‌ಡಾಕ್ ಅಂತ ಬಂದಿದ್ದು, ನಮ್ಮೂರು ಶಿವಮೊಗ್ಗ ಜಿಲ್ಲೆ ಸಾಗರದ ಕಡೆ. ಯೋಮ್ ಕಿಪ್ಪುರ್ ಅನ್ನೋ ಪ್ರಾಯಶ್ಚಿತ್ತದ ದಿನದ ಉಪವಾಸ ಮುಗಿದ ರಾತ್ರಿನೇ ಇಲ್ಲಿ ಸುತ್ತಿಗೆ ಸದ್ದು ಶುರು, ಸುಕ್ಕಾ ಅಂದ್ರೆ ಹಬ್ಬದ ಚಪ್ಪರ ಕಟ್ಟೋಕೆ ಬರೀ ನಾಲ್ಕು ದಿನ ಟೈಮು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸ್ಕೊಂಡು ಬಂದ ಯಹೂದಿಗಳ ಹಿರಿಯರು ಮರುಭೂಮಿಲಿ ಗುಡಿಸಲಲ್ಲಿ ಇದ್ದಿದ್ದರ ನೆನಪು ಇದು, ಜೊತೆಗೆ ಬೆಳೆ ಒಟ್ಟು ಮಾಡಿ ಮನೆಗೆ ತರೋ ಹಬ್ಬಾನೂ ಹೌದು, ಹಗ್ ಹಾಸೀಫ್ ಅಂತ ಇನ್ನೊಂದು ಹೆಸರಿದೆ. ಶುರುವಾಗೋದು ಹುಣ್ಣಿಮೆಗೆ. 2024ರಲ್ಲಂತೂ ನಮ್ಮೂರಿನ ಭೂಮಿ ಹುಣ್ಣಿಮೆನೂ ಅದೇ ಹುಣ್ಣಿಮೆ, ಅಮ್ಮ ಫೋನಲ್ಲಿ ಗದ್ದೆ ಪೂಜೆ ವಿಷಯ ಹೇಳ್ತಿದ್ರೆ ನಾನಿಲ್ಲಿ ಕತ್ತರಿ ಹಿಡ್ಕೊಂಡು ಕೂತಿದ್ದೆ.

ನಾವು ಯಹೂದಿಗಳಲ್ಲ. ಆದ್ರೆ ಕೆಳಗಿನ ಮನೆ ಅಜ್ಜಿ, ಮಕ್ಕಳೆಲ್ಲ ಸಾವ್ತಾ ಅಂತ ಕರೀತಾರೆ ಅಂದ್ರೆ ಅಜ್ಜಿ ಅಂತಲೇ, ಅವ್ರ ಸುಕ್ಕಾ ಅಲಂಕಾರ ಮಾಡೋ ಡ್ಯೂಟಿ ಬಿಲ್ಡಿಂಗಿನ ಮಕ್ಕಳದ್ದು, ಮಕ್ಕಳನ್ನ ನೋಡ್ಕೊಳ್ಳೋ ಡ್ಯೂಟಿ ನನ್ನದು. ಮೇಲೆ ಹೊದೆಸೋದು ಖರ್ಜೂರದ ಗರಿ, ಅದಕ್ಕೆ ಸ್ಖಾಖ್ ಅಂತಾರೆ, ಸಂದೀಲಿ ನಕ್ಷತ್ರ ಕಾಣೋ ಹಾಗಿರ್ಬೇಕಂತೆ. ನಕ್ಷತ್ರ ಕಂಡ್ರೆ ಇಬ್ಬನೀನೂ ಬೀಳುತ್ತೆ ಅಂತ ಯಾರೂ ನಂಗೆ ಹೇಳಿರ್ಲಿಲ್ಲ.

ಹಾಗಾಗಿ ಎರಡನೇ ವರ್ಷದಿಂದ ಸರಪಳಿಗೆ ಸ್ಟೇಪ್ಲರ್. ಎ4 ಕಲರ್ ಪೇಪರನ್ನ ಅಡ್ಡಕ್ಕೆ 3 ಸೆಂ.ಮೀ. ಅಗಲ ಕತ್ತರಿಸಿದ್ರೆ ಒಂದು ಶೀಟಿಗೆ 9 ಪಟ್ಟಿ ಬರುತ್ತೆ, 7 ಶೀಟಿಗೆ 63 ಉಂಗುರ, ಅದು ಸುಮಾರು ನಾಲ್ಕು ಮೀಟರ್ ಹತ್ರ ಆಗುತ್ತೆ. ದೊಡ್ಡ ಮಕ್ಕಳು ಪಿನ್ ಹೊಡೀತಾರೆ, ಚಿಕ್ಕವ್ರು ಮುಂದಿನ ಬಣ್ಣ ಯಾವ್ದು ಅಂತ ಜಗಳ ಆಡ್ತಾರೆ. ಪಿನ್ನಿನ ಚೂಪು ತುದಿ ಉಂಗುರದ ಹೊರಗಡೆ ಬರೋ ಹಾಗೆ ಹೊಡೆದ್ರೆ ಮುಂದಿನ ಪಟ್ಟಿ ತೂರಿಸುವಾಗ ಬೆರಳು ಗೀಚಲ್ಲ, ಇದು ರಕ್ತ ನೋಡಿದ ಮೇಲೆ ಕಲ್ತಿದ್ದು.

ನಂಗೆ ತುಂಬ ಇಷ್ಟ ಆಗಿದ್ದು ದಾಳಿಂಬೆ. ದಪ್ಪ ಕೆಂಪು ಪೇಪರಲ್ಲಿ ಅಂಗೈ ಅಗಲದ ದುಂಡು ಆಕಾರ, ಮೇಲೆ ಮೂರು ಹಲ್ಲಿನ ಕಿರೀಟ, ಅಂಥವು ಆರು ಕತ್ತರಿಸಿ ಪ್ರತಿಯೊಂದನ್ನೂ ಉದ್ದಕ್ಕೆ ಮಧ್ಯಕ್ಕೆ ಮಡಚಿ, ಒಂದರ ಬೆನ್ನಿನ ಅರ್ಧಕ್ಕೆ ಇನ್ನೊಂದರ ಅರ್ಧ ಅಂಟಿಸ್ತಾ ಹೋಗೋದು. ಕೊನೇದನ್ನ ಮೊದಲ್ನೇದಕ್ಕೆ ಸೇರಿಸೋ ಮುಂಚೆ ಮಧ್ಯದಲ್ಲಿ ದಾರ ಇಡೋದು ಮರೀಬೇಡಿ, ನಾನು ಮರೆತು ಎರಡನ್ನ ಹರಿದಿದ್ದೀನಿ. ಇದಕ್ಕೆ ಗಮ್ಮೇ ಬೇಕು, ಆದ್ರೆ ಹಿಂದಿನ ದಿನವೇ ಮಾಡಿ ಪೂರ್ತಿ ಒಣಗಿಸಿ ಅಂಚಿಗೆಲ್ಲ ಅಗಲದ ಸೆಲ್ಲೋಟೇಪ್ ಹಚ್ಚಿದ್ರೆ ಏಳು ರಾತ್ರಿನೂ ತಡೆಯುತ್ತೆ. ದಾಳಿಂಬೆ, ದ್ರಾಕ್ಷಿ, ಅಂಜೂರ ಎಲ್ಲಾ ಸ್ಖಾಖ್‌ಗೆ ಕಟ್ಟಿ ತಲೆ ಎತ್ತಿ ನೋಡಿದ್ರೆ ನಮ್ಮ ಕಡೆ ಚೌತಿಗೆ ಗಣಪತಿ ಮೇಲೆ ಕಟ್ಟೋ ಫಲಾವಳಿನೇ. ಸಾವ್ತಾದು ಒಂದೇ ತಕರಾರು, ಜಾಸ್ತಿ ಜೋತು ಬೀಳ್ಬಾರ್ದು ಅಂತ. ಸ್ಖಾಖ್‌ನಿಂದ ನಾಲ್ಕು ಅಂಗೈ ಅಗಲದೊಳಗೇ ಇರ್ಬೇಕಂತೆ, ಇಲ್ಲಾಂದ್ರೆ ಸ್ಖಾಖ್ ಕೆಳಗೆ ಕೂತ ಹಾಗಾಗಲ್ಲ, ಅಲಂಕಾರದ ಕೆಳಗೆ ಕೂತ ಹಾಗೆ!

ಆಮೇಲೆ ಹಬ್ಬದ ಪ್ರಾರ್ಥನೇಲಿ ಕೈಯಲ್ಲಿ ಹಿಡಿಯೋ ನಾಲ್ಕು ಜಾತಿ ಗಿಡದ ಸೆಟ್, ಅದನ್ನೂ ಪೇಪರಲ್ಲೇ ಮಾಡ್ತೀವಿ. ಹಸಿರು ಶೀಟನ್ನ ಮೂಲೆಯಿಂದ ಓರೆಯಾಗಿ ಬಿಗಿಯಾಗಿ ಸುತ್ತಿದ್ರೆ ಲುಲಾವ್, ಅಂದ್ರೆ ಬಿಚ್ಚದ ಖರ್ಜೂರದ ಸುಳಿ. ಮೂರು ಕಡ್ಡಿ ಹದಾಸ್ ಅಂದ್ರೆ ಮಿರ್ಟಲ್ ಗಿಡ, ಅದಕ್ಕೆ ಎಲೆ ಮೂರು ಮೂರೇ ಗೊಂಚಲಾಗಿ ಅಂಟಿಸ್ಬೇಕು, ಎರಡು ಕಡ್ಡಿ ಅರಾವಾ ಅಂದ್ರೆ ವಿಲ್ಲೋ ಮರ, ಅದಕ್ಕೆ ಉದ್ದುದ್ದ ಸಪೂರ ಎಲೆ. ಎತ್ರೋಗ್ ಅಂದ್ರೆ ಏನೋ ಅನ್ಕೊಂಡಿದ್ದೆ, ನೋಡಿದ್ರೆ ನಮ್ಮ ಮಾದಲಹಣ್ಣು! ಪೇಪರ್ ಉಂಡೆಗೆ ಹಳದಿ ಟಿಶ್ಯೂ ಪೇಪರ್ ಸುತ್ತಿ, ತುದೀಲಿರೋ ಪಿತಮ್ ಅನ್ನೋ ಪುಟ್ಟ ಮೊನೆಗೆ ಏನು ಮಾಡೋದು ಅಂತ ಯೋಚಿಸಿ ಕೊನೆಗೆ ಅಡುಗೆಮನೆಯಿಂದ ಒಂದು ಲವಂಗ ತಂದು ಚುಚ್ಚಿದೆ.

ಕತ್ತರಿ, ಗಮ್ ಕೆಲಸ ಎಲ್ಲಾ ಹಬ್ಬ ಶುರುವಾಗೋ ಸಂಜೆ ಸೂರ್ಯ ಮುಳುಗೋ ಮುಂಚೆ ಮುಗೀಬೇಕು, ಹಬ್ಬದ ಮೊದಲ ದಿನ ಕತ್ತರಿಸೋದು ಅಂಟಿಸೋದು ಅವ್ರು ಮಾಡಲ್ಲ. ನಾವು ಮಧ್ಯಾಹ್ನ ಮೂರಕ್ಕೇ ಎಲ್ಲಾ ಎತ್ತಿಡ್ತೀವಿ.

ಆ ಸಲ ಸಾವ್ತಾ ನಿಜವಾದ ಎತ್ರೋಗನ್ನ ಡಬ್ಬಿಯಿಂದ ಜೋಪಾನವಾಗಿ ತೆಗೆದು, ಪಿತಮ್ ಮುರಿದ್ರೆ ಹಣ್ಣು ಪೂಜೆಗೆ ಬರಲ್ಲ ಅಂತ ಮಕ್ಕಳಿಗೆ ದೂರದಿಂದಲೇ ತೋರಿಸಿದ್ರು. ನನ್ನ ಮಗಳು ಸುಮ್ನೆ ಕೇಳಿಸ್ಕೊಂಡು, ತನ್ನ ಪೇಪರ್ ಎತ್ರೋಗಿಂದ ಲವಂಗ ಕಿತ್ತು ತೋರಿಸಿ, "ಸಾವ್ತಾ, ನಂದು ಮುರಿದ್ರೆ ಅಮ್ಮನ ಹತ್ರ ಇನ್ನೂ ಒಂದು ಡಬ್ಬಿ ಇದೆ" ಅಂದ್ಲು.