ಜಕಾರ್ತಾದಿಂದ ಬಾಂಡುಂಗ್‌ಗೆ ‘ವೂಷ್’ ರೈಲಿನಲ್ಲಿ: ಹೊತ್ತು ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರುತ್ತದೆ

ಇಂಡೊನೇಷ್ಯಾದ ‘ವೂಷ್’ ರೈಲಿನ ಬಗ್ಗೆ ಎಲ್ಲರೂ ಹೇಳುವ ಲೆಕ್ಕ ಒಂದೇ: 142 ಕಿ.ಮೀ. ದಾರಿ, ಗಂಟೆಗೆ 350 ಕಿ.ಮೀ. ವೇಗ, 46 ನಿಮಿಷದ ಪಯಣ. ಲೆಕ್ಕ ಸುಳ್ಳಲ್ಲ. ಆದರೆ ಅದು ಹಲೀಮ್ ನಿಲ್ದಾಣದಿಂದ ತೆಗಲ್ಲುವಾರ್ ನಿಲ್ದಾಣದವರೆಗಿನದು ಮಾತ್ರ. ಹಲೀಮ್ ಇರುವುದು ಜಕಾರ್ತಾದ ಪೂರ್ವ ಭಾಗದಲ್ಲಿ, ತೆಗಲ್ಲುವಾರ್ ಇರುವುದು ಬಾಂಡುಂಗ್ ಊರಾಚೆ, ಆಗ್ನೇಯಕ್ಕೆ. ನೀವು ಉಳಿದುಕೊಂಡ ಹೋಟೆಲಿನಿಂದ ಹೋಗಬೇಕಾದ ಹೋಟೆಲಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಈ ಎರಡು ತುದಿಗಳಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಮೊದಲು ಅವನ್ನು ಸರಿ ಮಾಡಿಕೊಳ್ಳಿ. ನಡುವಿನ ರೈಲು ತನ್ನ ಪಾಡಿಗೆ ತಾನು ಓಡುತ್ತದೆ.

ಎಲ್ಲಿ ಇಳಿಯಬೇಕು?

2023ರ ಅಕ್ಟೋಬರ್‌ನಲ್ಲಿ ಶುರುವಾದ ಈ ಮಾರ್ಗದಲ್ಲಿ ನಾಲ್ಕು ನಿಲ್ದಾಣಗಳಿವೆ: ಹಲೀಮ್, ಕರಾವಂಗ್, ಪದಲಾರಂಗ್, ತೆಗಲ್ಲುವಾರ್. ಹೊಸಬರು ಎಡವುವುದು ಇಲ್ಲೇ. ಕೊನೆಯ ನಿಲ್ದಾಣವೇ ಬಾಂಡುಂಗ್ ಇರಬೇಕು ಎಂದುಕೊಂಡು ತೆಗಲ್ಲುವಾರ್‌ಗೆ ಟಿಕೆಟ್ ತೆಗೆಯುತ್ತಾರೆ, ಅಲ್ಲಿಳಿದು ಊರೊಳಗೆ ಹೋಗಲು ಟ್ಯಾಕ್ಸಿಯಲ್ಲಿ ಟ್ರಾಫಿಕ್‌ಗೆ ಸಿಕ್ಕಿಕೊಳ್ಳುತ್ತಾರೆ.

ಹಳೇ ಬಾಂಡುಂಗ್ ಪೇಟೆ, ಬ್ರಾಗಾ ಬೀದಿ, ಅಲುನ್-ಅಲುನ್ ಚೌಕ, 1955ರ ಏಷ್ಯಾ-ಆಫ್ರಿಕಾ ಸಮ್ಮೇಳನ ನಡೆದ ಕಟ್ಟಡ ಇವೆಲ್ಲ ನಿಮ್ಮ ಪಟ್ಟಿಯಲ್ಲಿದ್ದರೆ ಪದಲಾರಂಗ್‌ನಲ್ಲಿ ಇಳಿಯಿರಿ. ಅಲ್ಲಿಂದ ಚಿಮಾಹಿ ಮೂಲಕ ಬಾಂಡುಂಗ್ ಮುಖ್ಯ ನಿಲ್ದಾಣಕ್ಕೆ ‘ಫೀಡರ್’ ರೈಲು ಇದೆ. ಸುಮಾರು 20 ನಿಮಿಷದ ಹಾದಿ, ವೂಷ್ ಟಿಕೆಟ್ ಇದ್ದವರಿಗೆ ಬೇರೆ ದುಡ್ಡಿಲ್ಲ. ತೆಗಲ್ಲುವಾರ್ ಒದಗುವುದು ಗೆದೆಬಾಗೆ ಕಡೆಯ ದೊಡ್ಡ ಕ್ರೀಡಾಂಗಣ, ಅಲ್ ಜಬ್ಬಾರ್ ಮಸೀದಿ, ಜಾತಿನಾಂಗೋರ್‌ನ ಕಾಲೇಜುಗಳು ಅಥವಾ ಗಾರುತ್ ಕಡೆಗೆ ಹೋಗುವವರಿಗೆ. ಕರಾವಂಗ್ ಕಾರ್ಖಾನೆಗಳ ಸೀಮೆ. ಪ್ರವಾಸಿಗರಿಗೆ ಅಲ್ಲಿ ಕೆಲಸವಿಲ್ಲ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ.

ಟಿಕೆಟ್

ವೂಷ್‌ನದೇ ಆ್ಯಪ್ ಮತ್ತು ಜಾಲತಾಣ ಇವೆ. ನಿಲ್ದಾಣದಲ್ಲಿ ಕೌಂಟರ್, ಯಂತ್ರಗಳೂ ಇವೆ. ವಿದೇಶಿಯರು ಪಾಸ್‌ಪೋರ್ಟ್ ಸಂಖ್ಯೆ ಕೊಡಬೇಕು. ಒಂದು ಅಂಕಿ ತಪ್ಪಿದರೂ ತಪಾಸಣೆಯ ಹೊತ್ತಿಗೆ ತಕರಾರು, ಆದ್ದರಿಂದ ನೆನಪಿನಿಂದ ಹೊಡೆಯಬೇಡಿ, ಪಾಸ್‌ಪೋರ್ಟ್ ಎದುರಿಟ್ಟುಕೊಂಡೇ ತುಂಬಿ.

ದುಡ್ಡು ಕಟ್ಟುವಾಗ ನಮ್ಮವರ ಕಾರ್ಡು ಕೈಕೊಡುವುದುಂಟು. ಭಾರತದ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಸಾಮಾನ್ಯವಾಗಿ ಮುಚ್ಚಿರುತ್ತದೆ. ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು. ಒಟಿಪಿ ಬರುವುದು ಊರಿನ ಸಿಮ್‌ಗೆ, ಅದಕ್ಕೆ ರೋಮಿಂಗ್ ಇಲ್ಲದಿದ್ದರೆ ಅಲ್ಲಿಗೇ ಕಥೆ ಮುಗಿಯಿತು. ಇದರ ರಗಳೆಯೇ ಬೇಡ ಎನ್ನುವವರು ವಾರದ ದಿನಗಳಲ್ಲಿ ಕೌಂಟರಿನಲ್ಲೇ ಕೊಳ್ಳಬಹುದು. ಆದರೆ ಶುಕ್ರವಾರ ಸಂಜೆ ಜಕಾರ್ತಾದವರೆಲ್ಲ ಬಾಂಡುಂಗ್‌ಗೆ ಹೊರಡುತ್ತಾರೆ, ಭಾನುವಾರ ಸಂಜೆ ವಾಪಸಾಗುತ್ತಾರೆ. ಆ ಹೊತ್ತಿಗೆ ಮೊದಲೇ ತೆಗೆದಿಡಿ.

ದರ ದಿನ, ಹೊತ್ತು ನೋಡಿ ಏರಿಳಿಯುತ್ತದೆ. ಪ್ರೀಮಿಯಂ ಎಕಾನಮಿಗೆ ಹೆಚ್ಚುಕಡಿಮೆ 2ರಿಂದ 3 ಲಕ್ಷ ರುಪಿಯಾ (ನಮ್ಮ ರೂಪಾಯಿಯಲ್ಲ, ಇಂಡೊನೇಷ್ಯಾದ ದುಡ್ಡು) ಎಂದಿಟ್ಟುಕೊಳ್ಳಿ. ಎಂಟು ಬೋಗಿಗಳ 601 ಸೀಟುಗಳಲ್ಲಿ 555 ಇದೇ ದರ್ಜೆಯವು. 28 ಬಿಸಿನೆಸ್, 18 ಫಸ್ಟ್. ಅರ್ಧ ಗಂಟೆಯ ಹಾದಿಗೆ ಮೇಲಿನ ದರ್ಜೆ ದುಂದು. ಎಕಾನಮಿಯಲ್ಲಿ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಸೀಟು. ಕಿಟಕಿ ಬೇಕೆಂದರೆ ಎ ಅಥವಾ ಎಫ್ ಆರಿಸಿ.

ಹಲೀಮ್ ತಲುಪುವುದು

ಜಕಾರ್ತಾದ ನಡುವಿನಿಂದ ಎಲ್‌ಆರ್‌ಟಿ (ಮೆಟ್ರೊದಂಥ ಲಘು ರೈಲು) ಹಿಡಿಯುವುದೇ ಸರಿ, ಏಕೆಂದರೆ ಕಾರಿನ ಹೊತ್ತನ್ನು ಅಲ್ಲಿ ಯಾರೂ ಮುಂಗಡ ಹೇಳಲಾರರು. ದುಕುಹ್ ಆತಾಸ್ ನಿಲ್ದಾಣದಲ್ಲಿ ಹತ್ತಿ. ಗಾಡಿಯ ಮೇಲೆ ‘ಜಾತಿ ಮುಲ್ಯಾ’ ಎಂದಿರಬೇಕು, ಅದು ಬೆಕಾಸಿ ಕಡೆಯ ಸಾಲು. ‘ಹರ್ಜಾಮುಕ್ತಿ’ ಎಂದಿದ್ದರೆ ಬಿಟ್ಟುಬಿಡಿ: ಎರಡೂ ಸಾಲು ಚಾವಂಗ್‌ವರೆಗೆ ಒಟ್ಟಿಗೆ ಬಂದು ಅಲ್ಲಿ ಕವಲೊಡೆಯುತ್ತವೆ, ಹಲೀಮ್ ಬರುವುದು ಕವಲಿನ ಆಚೆ. ತಪ್ಪಿ ಹತ್ತಿದ್ದರೆ ಗಾಬರಿ ಬೇಡ, ಚಾವಂಗ್‌ನಲ್ಲಿ ಇಳಿದು ಗಾಡಿ ಬದಲಿಸಿ.

ಎಲ್‌ಆರ್‌ಟಿ ಗೇಟಿನಲ್ಲಿ ನಗದು ನಡೆಯುವುದಿಲ್ಲ. ಇ-ಮನಿ, ಫ್ಲಾಝ್, ಬ್ರಿಜ್ಜಿ ಮುಂತಾದ ಪ್ರೀಪೇಯ್ಡ್ ಕಾರ್ಡ್ ಬೇಕು. ಬೀದಿಬೀದಿಗೂ ಇರುವ ಇಂಡೊಮಾರೆಟ್‌ನಂಥ ಅಂಗಡಿಗಳಲ್ಲಿ ಕೊಂಡು ದುಡ್ಡು ತುಂಬಿಸಿಕೊಳ್ಳಿ. ತಲೆಗೊಂದು ಕಾರ್ಡ್ ಇರಬೇಕು, ಒಂದರಲ್ಲೇ ಮನೆಮಂದಿಯೆಲ್ಲ ದಾಟಲಾಗದು. ಸುಕರ್ಣೊ-ಹಟ್ಟಾ ವಿಮಾನ ನಿಲ್ದಾಣದಿಂದ ನೇರ ಬರುವವರು ಏರ್‌ಪೋರ್ಟ್ ರೈಲಿನಲ್ಲಿ ಬಿಎನ್‌ಐ ಸಿಟಿ ನಿಲ್ದಾಣಕ್ಕೆ ಬಂದು, ದುಕುಹ್ ಆತಾಸ್‌ಗೆ ನಡೆದು ಹೋಗಬಹುದು.

ಟ್ಯಾಕ್ಸಿಯೇ ಬೇಕೆನ್ನುವವರು ‘ಹಲೀಮ್’ ಎಂದಷ್ಟೇ ಹೇಳಿ ಕೂರಬೇಡಿ. ಹಲೀಮ್ ಹೆಸರಿನ ವಿಮಾನ ನಿಲ್ದಾಣವೂ ಅದೇ ಕಡೆ ಇದೆ. ‘ಸ್ತಾಸಿಯುನ್ ಕೆರೆತಾ ಚೆಪಾತ್ ಹಲೀಮ್’ (ಹಲೀಮ್ ವೇಗದ ರೈಲು ನಿಲ್ದಾಣ) ಎನ್ನಿ, ಆ್ಯಪ್‌ನಲ್ಲೂ ಅದನ್ನೇ ಆರಿಸಿ.

ಗೇಟು, ಬೋಗಿ

ಎಲ್‌ಆರ್‌ಟಿಯಿಂದ ಮೇಲ್ಸೇತುವೆಯ ಮೇಲೆ ನಡೆದರೆ ವೂಷ್ ನಿಲ್ದಾಣ. ಸಾಮಾನು ಸ್ಕ್ಯಾನ್ ಆಗುತ್ತದೆ, ಆಮೇಲೆ ಕ್ಯೂಆರ್ ಕೋಡ್ ತೋರಿಸಿ ಗೇಟು ದಾಟಬೇಕು. ಗಾಡಿ ಹೊರಡುವ 5 ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ. ನಿಲ್ದಾಣ ವಿಶಾಲವಾಗಿದೆ, ಓಡಿ ಹಿಡಿಯುವ ಆಟ ನಡೆಯದು. ಅರ್ಧ ಗಂಟೆ ಮುಂಚೆ ಇದ್ದರೆ ನೆಮ್ಮದಿ.

ಬೋಗಿಯ ಪರದೆಯಲ್ಲಿ ವೇಗ ಕಾಣಿಸುತ್ತದೆ. 350 ಬರುವುದು ಸ್ವಲ್ಪ ಹೊತ್ತು ಮಾತ್ರ. ಫೋಟೊ ಬೇಕಿದ್ದವರು ಹೊರಟ ಮೇಲೆ ಮಲಗಬಾರದು. ಪದಲಾರಂಗ್ ಸಮೀಪಿಸಿದಂತೆ ಸುರಂಗಗಳು ಹೆಚ್ಚು, ಮಾರ್ಗದಲ್ಲಿ ಒಟ್ಟು 13 ಇವೆ. ಮೊಬೈಲ್ ಸಂಪರ್ಕ ಕೈಕೊಡಬಹುದು, ಫೀಡರ್‌ಗೆ ಬೇಕಾದ ಟಿಕೆಟ್ಟಿನ ಸ್ಕ್ರೀನ್‌ಶಾಟ್ ಮೊದಲೇ ಇಟ್ಟುಕೊಳ್ಳಿ.

ಪದಲಾರಂಗ್‌ನಲ್ಲಿ

ಹಲೀಮ್ ಬಿಟ್ಟ ಸುಮಾರು ಅರ್ಧ ಗಂಟೆಗೆ ಇಲ್ಲಿರುತ್ತೀರಿ. ಗಾಡಿ ನಿಲ್ಲುವುದು ಸ್ವಲ್ಪವೇ ಹೊತ್ತು, ಸೂಟ್‌ಕೇಸ್ ಮೊದಲೇ ಬಾಗಿಲ ಬಳಿ ತಂದಿಡಿ. ಇಳಿದ ಮೇಲೆ ಹೊರಗಿನ ಟ್ಯಾಕ್ಸಿಯವರ ಕಡೆ ತಿರುಗದೆ ಫೀಡರ್ ಫಲಕ ಹಿಡಿದು ನಡೆಯಿರಿ.

ಈಗ ಒಟ್ಟು ಕೂಡಿಸಿ ನೋಡಿ. ಎಲ್‌ಆರ್‌ಟಿ ಅರ್ಧ ಗಂಟೆ, ನಡಿಗೆ 10 ನಿಮಿಷ, ಕಾಯುವುದು ಅರ್ಧ ಗಂಟೆ, ವೂಷ್ ಅರ್ಧ ಗಂಟೆ, ಬದಲಾವಣೆ 15 ನಿಮಿಷ, ಫೀಡರ್ 20 ನಿಮಿಷ. ಎರಡೂಕಾಲು ಗಂಟೆ. 46 ನಿಮಿಷ ನಂಬಿ ಬಾಂಡುಂಗ್‌ನಲ್ಲಿ ಯಾರಿಗಾದರೂ ಸಮಯ ಕೊಟ್ಟಿದ್ದರೆ ಅವರು ಕಾಯುತ್ತಲೇ ಇರುತ್ತಾರೆ.

ವಾಪಸು ಬರುವಾಗ

ಇದೇ ಹೆಚ್ಚು ಅಪಾಯದ ಭಾಗ. ಹೋಗುವಾಗ ಒಂದು ಫೀಡರ್ ತಪ್ಪಿದರೆ ಮುಂದಿನದು ಸಿಗುತ್ತದೆ. ಬರುವಾಗ ತಪ್ಪಿದರೆ ವೂಷ್ ಕೂಡ ತಪ್ಪುತ್ತದೆ. ಅದಕ್ಕೇ ಟಿಕೆಟ್ಟಿನಲ್ಲಿರುವ ವೂಷ್ ಸಮಯವನ್ನಲ್ಲ, ಅದಕ್ಕೆ ಹೊಂದುವ ಫೀಡರ್ ಬಾಂಡುಂಗ್ ಬಿಡುವ ಸಮಯವನ್ನು ಬರೆದಿಟ್ಟುಕೊಳ್ಳಿ. ಬಾಂಡುಂಗ್ ನಿಲ್ದಾಣಕ್ಕೆ ಉತ್ತರ, ದಕ್ಷಿಣ ಎಂದು ಎರಡು ಬಾಗಿಲುಗಳಿವೆ, ಒಂದರಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಸುತ್ತಿ ಬರಬೇಕು. ಫೀಡರ್‌ಗೆ ಯಾವ ಕಡೆಯಿಂದ ಬಿಡುತ್ತಾರೆಂದು ಹಿಂದಿನ ದಿನವೇ ಹೋಟೆಲಿನಲ್ಲಿ ಕೇಳಿ. ವಾರಾಂತ್ಯದಲ್ಲಿ ಟ್ಯಾಕ್ಸಿಯಲ್ಲಿ ಪದಲಾರಂಗ್‌ಗೆ ಹೋಗುತ್ತೇನೆಂಬ ಧೈರ್ಯ ಬೇಡ.

ಹೊತ್ತಿನ ಒತ್ತಡವಿಲ್ಲದಿದ್ದರೆ ಒಂದು ದಿಕ್ಕಿಗೆ ಹಳೇ ರೈಲನ್ನೇ ಹಿಡಿಯುವುದು ಲೇಸು. ಬಾಂಡುಂಗ್ ಮುಖ್ಯ ನಿಲ್ದಾಣದಿಂದ ಜಕಾರ್ತಾದ ನಡುವಿನ ಗಂಬಿರ್‌ಗೆ ನೇರ, ಸುಮಾರು ಮೂರು ಗಂಟೆ. ಎಲ್ಲೂ ಇಳಿದು ಹತ್ತಬೇಕಿಲ್ಲ. ಕಣಿವೆಯಿಂದ 80 ಮೀಟರ್ ಎತ್ತರದ ಚಿಕುಬಂಗ್ ಸೇತುವೆಯೂ ನೋಡಲು ಸಿಗುತ್ತದೆ. ಇದರ ಟಿಕೆಟ್ ‘ಆಕ್ಸೆಸ್ ಬೈ ಕೆಎಐ’ ಆ್ಯಪ್‌ನಲ್ಲಿದೆ. ಸೇತುವೆ ಬರುವುದು ಬಾಂಡುಂಗ್ ಬಿಟ್ಟ ಮೊದಲ ಗಂಟೆಯೊಳಗೆ, ಆದ್ದರಿಂದ ಬೆಳಗಿನ ಗಾಡಿಯನ್ನೇ ಆರಿಸಿ.