ಕೋವಿಗೂ ಚಿನ್ನಕ್ಕೂ ಒಂದೇ ಕೀಲಿಕೈ ಬೇಡ

ತಿಜೋರಿ ನೋಡಲು ಪೇಟೆಗೆ ಹೊರಡುವ ಮೊದಲು ಟೇಪು ಹಿಡಿದು ಕೋವಿಯ ಉದ್ದ ಅಳೆಯಿರಿ. ಅಂಗಡಿಯವರು ‘ಹೋಂ ಲಾಕರ್’ ಎಂದು ತೋರಿಸುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಒಂದೂವರೆ ಅಡಿಯೂ ಇರುವುದಿಲ್ಲ. ಬಳೆ, ಪಾಸ್‌ಪೋರ್ಟುಗಳಿಗೆ ಅವು ಸಾಕು. 32 ಇಂಚಿನ ನಳಿಗೆ ಇರುವ ಒಂಟಿ ನಳಿಗೆಯ ತೋಟೆಕೋವಿ (ತೋಟೆ ಎಂದರೆ ಕಾಡತೂಸು) ಇಡಿಯಾಗಿ ಸುಮಾರು 48 ಇಂಚು ಬರುತ್ತದೆ. ಜೋಡುನಳಿಗೆಯದ್ದಾದರೆ ನಳಿಗೆ, ಹಿಡಿಯನ್ನು ಬೇರೆ ಬೇರೆ ಬಿಚ್ಚಿಡಬಹುದು, ಒಳಗಡೆ 34 ಇಂಚು ಎತ್ತರ ಸಿಕ್ಕಿದರೂ ನಡೆಯುತ್ತದೆ. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಕೇಪು ಇಟ್ಟು ಹಾರಿಸುವ ಹಳೆಯ ಕೇಪಿನ ಕೋವಿಯನ್ನು ದಿನಾ ಬಿಚ್ಚಿ ಜೋಡಿಸುವ ಹಾಗಿಲ್ಲ. ಅದರ ಪೂರ್ತಿ ಉದ್ದಕ್ಕೆ ಇನ್ನೂ ಮೂರು ಇಂಚು ಸೇರಿಸಿ ಪೆಟ್ಟಿಗೆ ಹುಡುಕಿ. ಆರು ಕೋವಿ ನಿಲ್ಲಿಸುವ ದೊಡ್ಡ ಕಪಾಟಿಗೆ ದುಡ್ಡು ಸುರಿಯಬೇಡಿ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರರು ಇಟ್ಟುಕೊಳ್ಳಬಹುದಾದದ್ದು ಎರಡೇ.

ಕೋವಿ, ಚಿನ್ನ, ಜಾಗದ ಆಧಾರ (ಕ್ರಯಪತ್ರ) ಎಲ್ಲವನ್ನೂ ಒಂದೇ ತಿಜೋರಿಯಲ್ಲಿಟ್ಟರೆ ಖರ್ಚು ಉಳಿಯುತ್ತದೆ ಎಂದು ಹಲವರ ಲೆಕ್ಕ. ನನಗೆ ಅದು ಒಪ್ಪಿಗೆಯಿಲ್ಲ. ಮದುವೆ, ಪೂಜೆ, ನೆಂಟರ ಮನೆ ಎಂದು ಚಿನ್ನ ಆಗಾಗ ಹೊರಬರುತ್ತದೆ. ಅತ್ತೆ, ಸೊಸೆ, ಮಗಳು ಎಲ್ಲರಿಗೂ ಆ ಕೀಲಿಕೈ ಬೇಕಾಗುತ್ತದೆ. ಕೋವಿ ಹಾಗಲ್ಲ. ಲೈಸೆನ್ಸಿನಲ್ಲಿ ಹೆಸರಿಲ್ಲದವರ ಕೈಗೆ ಅದು ಸಿಕ್ಕಿದರೆ ಉತ್ತರ ಹೇಳಬೇಕಾದವರು ಲೈಸೆನ್ಸುದಾರರೇ. ಹಾಗಾಗಿ ಎರಡು ಪೆಟ್ಟಿಗೆ ಮಾಡಿ, ಅಥವಾ ಒಂದೇ ಪೆಟ್ಟಿಗೆಗೆ ನಡುವೆ ತಗಡು ಹಾಕಿಸಿ ಎರಡು ಬಾಗಿಲು, ಎರಡು ಬೇರೆ ಬೀಗ ಇಡಿಸಿ. ವರ್ಷಕ್ಕೊಮ್ಮೆ ಮಾತ್ರ ತೊಡುವ ಒಡವೆ ಬ್ಯಾಂಕ್ ಲಾಕರಿನಲ್ಲೇ ಇರಲಿ. 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿನಷ್ಟು. ಮನೆಯ ಪೆಟ್ಟಿಗೆಗೆ ಅಂಥ ಹೊಣೆಗಾರರು ಯಾರೂ ಇಲ್ಲ. ಆದರೆ ಕೋವಿ, ತೋಟೆಗಳನ್ನು ಬ್ಯಾಂಕಿನವರು ತೆಗೆದುಕೊಳ್ಳುವುದಿಲ್ಲ, ಅವನ್ನು ಇಡಲು ಮನೆಯಲ್ಲೇ ಜಾಗ ಮಾಡಬೇಕು.

ಇನ್ನು ದಪ್ಪದ ವಿಚಾರ. ಮನೆಯ ಕಬ್ಬಿಣದ ಕಪಾಟಿನ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಒಳಗಿನ ಲಾಕರೂ ಅದೇ ತಗಡು, ದೊಡ್ಡ ಸ್ಕ್ರೂಡ್ರೈವರಿಗೇ ಬಾಗುತ್ತದೆ. ಅಗ್ಗದ ರೆಡಿಮೇಡ್ ಪೆಟ್ಟಿಗೆಗಳಲ್ಲಿ ಬಾಗಿಲು ಮೂರು ನಾಲ್ಕು ಮಿಲಿಮೀಟರ್ ದಪ್ಪವಿದ್ದರೂ ಮೈ ಒಂದೆರಡು ಮಿಲಿಮೀಟರ್ ಅಷ್ಟೇ. ಅಂಗಡಿಯವರು ಬಾಗಿಲು ತೆರೆದು ಅದರ ಅಂಚನ್ನು ಮಾತ್ರ ತೋರಿಸುತ್ತಾರೆ. ನೀವು ಹಿಂದಿನ ಬೋಲ್ಟ್ ತೂತಿನ ಅಂಚು ನೋಡಿ, ನಿಜವಾದ ದಪ್ಪ ಅಲ್ಲಿ ಗೊತ್ತಾಗುತ್ತದೆ.

ಕೈಗೆಟಕುವ ದರದಲ್ಲಿ ಗಟ್ಟಿ ಪೆಟ್ಟಿಗೆ ಬೇಕೆಂದರೆ ನಂಬಿಕೆಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದೇ ಲೇಸು. ನಮ್ಮ ಕಾಸರಗೋಡು ಕಡೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ, ಎಲ್ಲಿ ಬೇಕಾದರೂ ಗೇಟು, ಗ್ರಿಲ್ಲು ಮಾಡುವವರು ಇದ್ದಾರೆ. ನಾಲ್ಕೂವರೆ ಅಡಿ ಎತ್ತರ, 14 ಇಂಚು ಅಗಲ, ಒಂದಡಿ ಆಳ. ಮೈಗೆ 3 ಮಿಲಿಮೀಟರ್, ಬಾಗಿಲಿಗೆ 6 ಮಿಲಿಮೀಟರ್ ತಗಡು ಎಂದು ಹೇಳಿ. ಚೌಕಟ್ಟಿನ ಆಂಗಲ್, ಒಳಗಿನ ತಟ್ಟೆ, ಚಿಲಕಗಳೆಲ್ಲ ಸೇರಿ 65ರಿಂದ 70 ಕಿಲೋ ಬರುತ್ತದೆ. ದರ ಕಿಲೋ ಲೆಕ್ಕದಲ್ಲಿ ಹೇಳಿದರೆ ತೂಗಿಸಿಯೇ ಕೊಡಿ, ತೂಕ ತೀರಾ ಕಡಿಮೆ ಬಂದರೆ ತಗಡು ತೆಳು ಹಾಕಿದ್ದಾರೆ ಎಂದೇ ಅರ್ಥ. ಬಾಗಿಲು ಚೌಕಟ್ಟಿನ ಒಳಗೆ ಕೂರಬೇಕು, ಸುತ್ತಲಿನ ಸಂದು 2 ಮಿಲಿಮೀಟರ್ ಮೀರಬಾರದು. ಸಬ್ಬಲಿನ ತುದಿ ಹೋಗುವಷ್ಟು ಸಂದು ಇದ್ದರೆ ಎಷ್ಟು ದಪ್ಪದ ಬಾಗಿಲೂ ಏಳುತ್ತದೆ. ಹಿಂಜು ಹೊರಗಿದ್ದರೆ ಅಡ್ಡಿಯಿಲ್ಲ, ಆದರೆ ಹಿಂಜಿನ ಬದಿಯಲ್ಲೂ ಚೌಕಟ್ಟಿನೊಳಕ್ಕೆ ಹೋಗುವ ಎರಡು ಮೂರು ಸ್ಥಿರ ಗೂಟ ಇರಬೇಕು. ಇಲ್ಲದಿದ್ದರೆ ಹಿಂಜು ಕೊಯ್ದ ಕೂಡಲೇ ಬಾಗಿಲು ಆ ಕಡೆಯಿಂದ ಬಿಚ್ಚಿಕೊಳ್ಳುತ್ತದೆ. ಬ್ಯಾಟರಿ ಗ್ರೈಂಡರ್ ತರುವ ಕಳ್ಳನನ್ನು ಈ ಪೆಟ್ಟಿಗೆ ಇಡೀ ರಾತ್ರಿ ತಡೆಯುವುದಿಲ್ಲ. ಮಕ್ಕಳಿಗೆ, ಮನೆಗೆ ಬಂದುಹೋಗುವವರಿಗೆ, ಸಬ್ಬಲು ಹಿಡಿದು ಬಂದವನಿಗೆ ಇಷ್ಟು ಸಾಕು.

ಬೀಗದಲ್ಲಿ ಬೆರಳಚ್ಚಿನದ್ದು ಬೇಡವೇ ಬೇಡ. ಅಡಕೆ ಸುಲಿದ ಕೈ, ರಬ್ಬರ್ ಹಾಲು ಮೆತ್ತಿದ ಕೈ, ಮಳೆಗೆ ನೆನೆದು ಸುಕ್ಕುಗಟ್ಟಿದ ಕೈಗಳನ್ನು ಆ ಕಣ್ಣು ಗುರುತಿಸದು. ನಂಬರ್ ಒತ್ತುವ ಎಲೆಕ್ಟ್ರಾನಿಕ್ ಬೀಗವಾದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಬೀಗ ಹಾಕಿ, ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತಾ ಇನ್ನೊಂದು ಕೈಯಿಂದ ಪೆಟ್ಟಿಗೆಯ ತಲೆಗೆ ಜೋರಾಗಿ ಗುದ್ದಿ. ಚಿಲಕವನ್ನು ತಡೆಯುವ ಪುಟ್ಟ ಸೊಲೆನಾಯ್ಡ್ (ವಿದ್ಯುತ್ ಅಯಸ್ಕಾಂತದ) ಕಡ್ಡಿ ಸ್ಪ್ರಿಂಗಿನ ಮೇಲೆ ನಿಂತಿರುತ್ತದೆ, ಅಗ್ಗದವುಗಳಲ್ಲಿ ಅದು ಗುದ್ದಿಗೆ ಹಾರಿ ಬಾಗಿಲು ತೆರೆದುಬಿಡುತ್ತದೆ. ತೆರೆದರೆ ಅಂಗಡಿಯವರ ಮುಖ ನೋಡದೆ ಹೊರಟುಬಿಡಿ. ನಂಬರ್ ಬದಲಿಸುವಾಗ ಬಾಗಿಲು ತೆರೆದಿಟ್ಟೇ ಮೂರು ಸಲ ಪರೀಕ್ಷಿಸಿ. ಆಲ್ಕಲೈನ್ ಸೆಲ್ ಹಾಕಿ, ದೀಪಾವಳಿಗೊಮ್ಮೆ ಬದಲಿಸಿ. ತುರ್ತು ಕೀಲಿಕೈಯನ್ನು ಅದೇ ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿಯುವವರು ಎಷ್ಟೋ ಮಂದಿ. ನನ್ನ ಆಯ್ಕೆ ಕೇಳಿದರೆ ಎಂಟು ಲಿವರಿನ (ಕೀಲಿಕೈ ಎತ್ತುವ ಒಳಗಿನ ಪಟ್ಟಿಗಳ), ಎರಡೂ ಬದಿ ಹಲ್ಲಿರುವ ಕೀಲಿಕೈಯ ಬೀಗ. ಬ್ಯಾಟರಿ ಇಲ್ಲ, ಮರೆಯುವ ನಂಬರೂ ಇಲ್ಲ. ಎರಡನೆಯ ಕೀಲಿಕೈ ಬ್ಯಾಂಕ್ ಲಾಕರಿನಲ್ಲಿರಲಿ. ದೇವರ ಪಟದ ಹಿಂದೆ, ಅಕ್ಕಿ ಪತ್ತಾಯದಲ್ಲಿ, ಅಟ್ಟದ ತೊಲೆಯ ಮೇಲೆ ಮಾತ್ರ ಬೇಡ. ಕಳ್ಳರು ಮೊದಲು ಕೈಹಾಕುವುದು ಅಲ್ಲಿಗೇ.

ಬೀಗ ಸುಲಭವಾಗಿ ತೆರೆಯಬೇಕು ಎನ್ನಲು ಇನ್ನೊಂದು ಕಾರಣವಿದೆ. 2022ರಿಂದ ಕೇರಳದಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಪಂಚಾಯಿತಿ ಅಧ್ಯಕ್ಷರಿಗೆ ಬಂದಿದೆ. ಅನುಮತಿ ಸಿಕ್ಕಿದವರು ತೋಟದಿಂದ ನಡುರಾತ್ರಿ ಹಿಂದಿರುಗಿದಾಗ ಪೆಟ್ಟಿಗೆ ತೆರೆಯುವುದೇ ರಗಳೆಯಾದರೆ ಕೋವಿ ಬಾಗಿಲ ಸಂದಿಯಲ್ಲಿ ಒರಗುತ್ತದೆ, ಬೆಳಿಗ್ಗೆ ಮಕ್ಕಳ ಕೈಗೆ ಸಿಗುತ್ತದೆ. ಅಂಗಳದಲ್ಲೇ ತೋಟೆ ತೆಗೆದು, ಹಿಂಬದಿಯಿಂದ ನಳಿಗೆಯ ಒಳಗೆ ಕಣ್ಣಿಟ್ಟು, ಬೆರಳಿಟ್ಟು ಖಾಲಿ ಎಂದು ಖಚಿತಮಾಡಿಕೊಂಡೇ ಒಳಗಿಡಬೇಕು.

ನೆಲಕ್ಕೋ ಗೋಡೆಗೋ ಬಿಗಿಯದ ಪೆಟ್ಟಿಗೆಯನ್ನು ಕಳ್ಳ ಹೊತ್ತುಕೊಂಡೇ ಹೋಗುತ್ತಾನೆ. ಎತ್ತರದ್ದನ್ನಾದರೆ ಬೆನ್ನ ಮೇಲೆ ಮಲಗಿಸಿ, ಮೈಭಾರ ಬಿಟ್ಟು ಸಬ್ಬಲಿನಿಂದ ಮೀಟುತ್ತಾನೆ. ನಮ್ಮ ಕಡೆಯ ತೊಡಕು ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ. ಮುರಕಲ್ಲು ಮೆದು, ಒಳಗೆಲ್ಲ ತೂತು. ಅದರಲ್ಲಿ ಅಗಲಿಸಿ ಹಿಡಿಯುವ ಆಂಕರ್ ಬೋಲ್ಟ್ ಹಾಕಿ ತಿರುಗಿಸಿದರೆ ಕಲ್ಲು ಪುಡಿಯಾಗುತ್ತದೆ. ಮೊದಲ ದಿನ ಬಿಗಿಯಾಗಿದ್ದಂತೆ ಕಂಡದ್ದು ಒಂದು ಎಳೆತಕ್ಕೆ ಕೈಗೆ ಬರುತ್ತದೆ. ಕಾಂಕ್ರೀಟಿನ ಕಂಬವೋ ನೆಲವೋ ಇದ್ದರೆ ಅಲ್ಲೇ 10 ಅಥವಾ 12 ಮಿಲಿಮೀಟರಿನ ನಾಲ್ಕು ಬೋಲ್ಟ್ ಹಾಕಿ. ಹಳೆಯ ಕಾವಿ ನೆಲದ ಅಡಿಯಲ್ಲಿ ಕಾಂಕ್ರೀಟು ಇರುವುದೇ ಇಲ್ಲ, ಅದನ್ನು ನಂಬಬೇಡಿ. ಮುರಕಲ್ಲಿನ ಗೋಡೆಯೇ ಗತಿ ಎಂದಾದರೆ ಬೋಲ್ಟಿನ ಜಾಗದಲ್ಲಿ ಆರಿಂಚು ಚದರ, ಆರಿಂಚು ಆಳದ ಗುಳಿ ಕಡಿದು, ಬೋಲ್ಟಿನ ತಲೆಗೆ ನಾಲ್ಕಿಂಚಿನ ತಗಡು ಬೆಸೆದು ಒಳಗಿಟ್ಟು, ಒಂದು ಸಿಮೆಂಟು, ಎರಡು ಹೊಯ್ಗೆ, ನಾಲ್ಕು ಸಣ್ಣ ಜಲ್ಲಿಯ ಕಾಂಕ್ರೀಟು ತುಂಬಿ. ಗುಳಿಯನ್ನು ಮೊದಲು ಚೆನ್ನಾಗಿ ನೆನೆಸಿ, ಒಣ ಮುರಕಲ್ಲು ಕಾಂಕ್ರೀಟಿನ ನೀರನ್ನೇ ಹೀರಿಬಿಡುತ್ತದೆ. ಏಳು ದಿನ ನೀರು ಹಾಕಿದ ಮೇಲೆಯೇ ಪೆಟ್ಟಿಗೆ ಬಿಗಿಯಿರಿ. ಮೂಲೆ ಒಳ್ಳೆಯದು. ಬೀಗದ ಬದಿ ಗೋಡೆಯ ಕಡೆಗಿದ್ದರೆ ಸಬ್ಬಲು ಆಡಿಸಲು ಜಾಗ ಸಿಗದು. ಆದರೆ ಮಳೆ ಹೊಡೆಯುವ ಪಡುಗೋಡೆಗೆ ತಾಗಿಸಬೇಡಿ. ಪೆಟ್ಟಿಗೆಯ ಅಡಿಗೆ ಅರ್ಧ ಇಂಚಿನ ಗ್ರಾನೈಟ್ ತುಂಡು ಕೊಟ್ಟರೆ ನೆಲದ ಪಸೆ (ತೇವ) ಏರುವುದಿಲ್ಲ.

ಕೋವಿಯನ್ನು ಕೆಡಿಸುವುದರಲ್ಲಿ ಕಳ್ಳನಿಗಿಂತ ಆಟಿ ತಿಂಗಳ (ಆಷಾಢದ) ಮಳೆ ಮುಂದು. ಚರ್ಮದ ಚೀಲ, ಸ್ಪಂಜಿನ ಕೇಸು ಎರಡೂ ಪಸೆ ಹಿಡಿದಿಡುತ್ತವೆ, ಕೋವಿಯನ್ನು ಬರಿಯಾಗಿಯೇ ನಿಲ್ಲಿಸಿ. ತೆಳು ಮೆಷಿನ್ ಎಣ್ಣೆ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಕೆಲವು ತಿಂಗಳಲ್ಲಿ ಅಂಟಾಗಿ ಕೋವಿಯ ಕುದುರೆ (ಕೇಪಿಗೆ ಬಡಿಯುವ ಭಾಗ), ಸ್ಪ್ರಿಂಗುಗಳನ್ನು ಹಿಡಿಯುತ್ತದೆ. ನಳಿಗೆಯ ಬಾಯಿ ಕೆಳಗಾಗಿ, ಅಡಿಗೆ ಉಣ್ಣೆಯ ತುಂಡು ಹಾಕಿ ನಿಲ್ಲಿಸಿದರೆ ಎಣ್ಣೆ ಇಳಿದು ಮರದ ಹಿಡಿಯನ್ನು ಮೆತ್ತಗಾಗಿಸುವುದಿಲ್ಲ. ಸಿಲಿಕಾ ಜೆಲ್ ಅರ್ಧ ಕಿಲೋ ಬಟ್ಟೆಯ ಚೀಲದಲ್ಲಿಡಿ. ಕಿತ್ತಳೆ ಬಣ್ಣದ್ದು ಪಸೆ ಹೀರಿದಾಗ ಹಸಿರಾಗುತ್ತದೆ, ಆಗ ಬೇಡದ ಬಾಣಲೆಯಲ್ಲಿ ಸಣ್ಣ ಉರಿಗೆ ಬಣ್ಣ ಮರಳುವ ತನಕ ಬಿಸಿಮಾಡಿ. ನೀಲಿಯದ್ದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಮನೆಗೆ ತರಬೇಡಿ. ಪಸೆ ಹೀರಲೆಂದು ಉಪ್ಪಿನ ಗಂಟು ಇಟ್ಟವರ ಕೋವಿ ತುಕ್ಕು ತಿಂದೇ ಹೋಗುತ್ತದೆ.

‘ಫೈರ್‌ಪ್ರೂಫ್’ ಎಂದು ಮಾರುವ ಪೆಟ್ಟಿಗೆಯ ಗೋಡೆಯಲ್ಲಿ ಜಿಪ್ಸಮ್ಮಿನಂಥ ಪದಾರ್ಥ ತುಂಬಿರುತ್ತದೆ. ಬೆಂಕಿ ಬಿದ್ದಾಗ ಅದರೊಳಗಿನ ನೀರು ಆವಿಯಾಗಿ ಕಾಗದವನ್ನು ಉಳಿಸುತ್ತದೆ, ಉಳಿದ ಕಾಲದಲ್ಲಿ ಅದೇ ಪಸೆ ಕೋವಿಗೆ ತಾಗುತ್ತದೆ. ಜಾಗದ ಆಧಾರ, ನಿಕುತಿ (ತೆರಿಗೆ) ರಶೀದಿಗಳಿಗೆ ಅಂಥ ಸಣ್ಣದೊಂದು ಸಾಕು, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟರೆ. ಬೆಳ್ಳಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಕಪ್ಪಾಗುತ್ತದೆ.

ತೋಟೆಗಳಿಗೆ ಬೇರೆ ಬೀಗದ ಸಣ್ಣ ಪೆಟ್ಟಿಗೆ ಇರಲಿ. ಕೇಪಿನ ಕೋವಿಯ ಕರಿಮದ್ದನ್ನು ಮಾತ್ರ ಗಟ್ಟಿ ಕಬ್ಬಿಣದ ತಿಜೋರಿಯಲ್ಲಿ ಇಡಲೇಬಾರದು. ಬೆಂಕಿ ತಗುಲಿದರೆ ಒತ್ತಡಕ್ಕೆ ಹೊರದಾರಿ ಸಿಗದೆ ತಿಜೋರಿಯೇ ಸಿಡಿಯುತ್ತದೆ. ಅದರದ್ದೇ ಡಬ್ಬಿಯಲ್ಲಿ, ಬೀಗ ಹಾಕುವ ಮರದ ಪೆಟ್ಟಿಗೆಯೊಳಗೆ, ಒಲೆಯಿಂದಲೂ ಅಡಕೆ ಒಣಗಿಸುವ ಗೂಡಿನಿಂದಲೂ ದೂರ ಇಡಿ.

ಚುನಾವಣೆ ಬಂದಾಗ ಆದೇಶ ಬಂದರೆ ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕಾಗುತ್ತದೆ. ಕೊಡುವ ಮೊದಲು ಎಣ್ಣೆ ಸ್ವಲ್ಪ ಹೆಚ್ಚೇ ಒರೆಸಿ, ನಂಬರು ಬರೆದ ರಶೀದಿ ತಪ್ಪದೆ ಪಡೆಯಿರಿ. ಕೋವಿ ಅಲ್ಲಿರುವಷ್ಟು ದಿನ ಖಾಲಿ ಪೆಟ್ಟಿಗೆಯನ್ನು ಬಿಸಿಲಿರುವ ಹೊತ್ತು ತೆರೆದಿಟ್ಟು, ಮೂಲೆಯ ತುಕ್ಕನ್ನು ಉಜ್ಜಿ ರೆಡ್ ಆಕ್ಸೈಡ್ ಬಳಿದು, ಬೋಲ್ಟುಗಳನ್ನು ಸ್ಪ್ಯಾನರಿನಿಂದ ಒಮ್ಮೆ ಬಿಗಿದು ನೋಡಿ.